ಕ್ಯಾಂಪಿನ ಒಂದೇ ಮನೆಗೆ ಮೂರು ಕಾನೂನು

ನಮ್ಮ ಸಿಂಧನೂರು ಕಡೆ ‘ಕ್ಯಾಂಪ್’ ಅಂದ್ರೆ ಯಾರಿಗೂ ಟೆಂಟ್ ನೆನಪಾಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಭತ್ತ ಬೆಳೆಯಲು ಬಂದು ಕಟ್ಟಿಕೊಂಡ ಊರುಗಳೆಲ್ಲ ಕ್ಯಾಂಪುಗಳೇ. ಅವುಗಳ ನಡುವೆ ಆರ್.ಎಚ್. ಕ್ಯಾಂಪುಗಳೂ, ಅಂದ್ರೆ ಪುನರ್ವಸತಿ ಕ್ಯಾಂಪುಗಳೂ ಇವೆ. 1970ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ನಿರಾಶ್ರಿತರನ್ನು ಸರ್ಕಾರವೇ ಕರೆತಂದು ಇಲ್ಲಿ ನೆಲೆ ನಿಲ್ಲಿಸಿತು. ಆಂಧ್ರದಿಂದ ಬಂದವರನ್ನು ಯಾರೂ ಕಾಗದ ಕೇಳಲಿಲ್ಲ. ಇವರನ್ನು ಇವತ್ತಿಗೂ ಕೇಳುತ್ತಿದ್ದಾರೆ.

ಈಗ ಮತ್ತೆ ಆ ಮಾತು ಬಂದಿರುವುದು ಹೊಸ ಕಾನೂನಿನಿಂದ. 1920ರ ಪಾಸ್‌ಪೋರ್ಟ್ ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ, 2000ದ ಇನ್ನೊಂದು, ಹೀಗೆ ನಾಲ್ಕನ್ನೂ ಒಟ್ಟಿಗೆ ತೆಗೆದು ‘ವಲಸೆ ಮತ್ತು ವಿದೇಶಿಯರ ಕಾಯ್ದೆ’ 2025ರ ಸೆಪ್ಟೆಂಬರ್ 1ರಿಂದ ಜಾರಿಯಾಗಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದರೆ 5 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹಂಪಿ ಹತ್ತಿರದ ಆನೆಗೊಂದಿ, ಸಾಣಾಪುರದ ಹೋಂಸ್ಟೇನವರಿಗೆ ವಿದೇಶಿ ಅತಿಥಿಯ ವಿವರ ಕೊಡುವ ‘ಫಾರ್ಮ್ ಸಿ’ ಹಳೆಯದೇ. ಆಸ್ಪತ್ರೆ, ಕಾಲೇಜುಗಳೂ ಮಾಹಿತಿ ಕೊಡಬೇಕು ಅಂತ ಈಗ ಕಾಯ್ದೆಯಲ್ಲೇ ಇದೆ. ಯಾರು ಬಂದರು, ಯಾರು ಹೋದರು ಅಂತ ದೇಶಕ್ಕೆ ಗೊತ್ತಿರಬೇಕು, ಅದರಲ್ಲಿ ತಕರಾರಿಲ್ಲ. ಆದರೆ ‘ನಾನು ವಿದೇಶಿಯಲ್ಲ’ ಎಂದು ತೋರಿಸುವ ಹೊಣೆ ಹಿಂದಿನಂತೆಯೇ ಆ ಮನುಷ್ಯನ ಮೇಲಿದೆ.

ವಿಭಜನೆ, ಯುದ್ಧ, ಬಾಂಗ್ಲಾ ಗಡಿಗೆ ಬೇಲಿ ಹಾಕುವ ಕೆಲಸ: ಇವೆಲ್ಲ ಗೊತ್ತಿರುವ ಕತೆ. ಗೋಜಲು ಇರುವುದು ಪೌರತ್ವ ಕಾಯ್ದೆಯ ತಾರೀಖುಗಳಲ್ಲಿ.

ಕ್ಯಾಂಪಿನಲ್ಲಿ ಹಿರಿಯರೊಬ್ಬರು ನನಗೆ ಒಂದು ಪ್ಲಾಸ್ಟಿಕ್ ಕವರ್ ತೋರಿಸಿದ್ದರು. ಒಳಗೆ ನಾಲ್ಕು ಮಡಿಕೆಯ ಬಾರ್ಡರ್ ಸ್ಲಿಪ್, ಗಡಿ ದಾಟಿ ಬಂದಾಗ ಕೊಟ್ಟ ಚೀಟಿ. ಮಡಿಕೆ ಬಿದ್ದ ಕಡೆಯೆಲ್ಲ ಅಕ್ಷರ ಅಳಿಸಿಹೋಗಿತ್ತು. “ಬಿಚ್ಚಬ್ಯಾಡ್ರಿ, ಹರಿತೈತಿ” ಅಂದರು, ನಮ್ಮ ಸಿಂಧನೂರಿನ ಕನ್ನಡದಲ್ಲೇ.

ಅಂಥ ಒಂದು ಮನೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಪ್ಪ, ಅಮ್ಮ ಇಬ್ಬರಿಗೂ ಪೌರತ್ವದ ಕಾಗದ ಆಗಿಲ್ಲ. ಮಗಳು 1985ರಲ್ಲಿ ಇಲ್ಲೇ ಹುಟ್ಟಿದಳು. 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದ್ದರಿಂದ ಅವಳು ಹುಟ್ಟಿನಿಂದಲೇ ಪ್ರಜೆ. ತಮ್ಮ ಹುಟ್ಟಿದ್ದು 1990ರಲ್ಲಿ. ಅವನಿಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು, ಇಲ್ಲಿ ಯಾರೂ ಅಲ್ಲ. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ ಮೊಮ್ಮಕ್ಕಳಿಗೆ ಇನ್ನೂ ಬಿಗಿ: ಒಬ್ಬರು ಪ್ರಜೆಯಾದರೆ ಸಾಲದು, ಇನ್ನೊಬ್ಬರು ‘ಅಕ್ರಮ ವಲಸಿಗ’ ಆಗಿರಬಾರದು. ಒಂದೇ ಒಲೆ, ಒಂದೇ ರೇಷನ್ ಕಾರ್ಡು, ಮೂರು ಕಾನೂನು. ಇದನ್ನು ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೇ ತಲೆ ತಿರುಗಿತ್ತು.

2019ರ ಪೌರತ್ವ ತಿದ್ದುಪಡಿ ಈ ಗಂಟು ಬಿಚ್ಚುತ್ತದೆ ಅಂತ ಕ್ಯಾಂಪಿನವರು ನಂಬಿದ್ದರು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ ಈ ಮೂರು ನೆರೆದೇಶಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಅದರಲ್ಲಿ ದಾರಿಯಿದೆ, ಮುಸ್ಲಿಮರಿಗಿಲ್ಲ. ನಿಯಮ ಬರಲು 2024ರ ಮಾರ್ಚ್ ಆಯಿತು. ಆ ಆಗಸ್ಟ್‌ನಲ್ಲಿ ಸಿಂಧನೂರಿನ ಐವರಿಗೆ ಪ್ರಮಾಣಪತ್ರ ಸಿಕ್ಕಿತು, ರಾಜ್ಯದಲ್ಲೇ ಮೊದಲು. ಉಳಿದವರಲ್ಲಿ ಅನೇಕರು ಹಿಂಜರಿದರು. ಯಾಕಂದ್ರೆ ಅರ್ಜಿ ಹಾಕಬೇಕಾದರೆ ಮೊದಲು ‘ನಾನು ಬಾಂಗ್ಲಾದೇಶದವನು’ ಅಂತ ಬರೆದುಕೊಡಬೇಕು. ಇಷ್ಟು ವರ್ಷ ಓಟು ಹಾಕಿದವನು ಸುಮ್ನೆ ಹಾಗೆ ಬರೆದುಕೊಡ್ತಾನಾ? ಅರ್ಜಿ ತಿರಸ್ಕಾರವಾದರೆ ಕೈಯಲ್ಲಿ ಉಳಿಯುವುದು ಆ ಒಪ್ಪಿಗೆಯೊಂದೇ ಅಲ್ವಾ?

ಹೊಸ ಕಾಯ್ದೆ ಜಾರಿಯಾದಾಗಲೇ ಒಂದು ವಿನಾಯಿತಿ ಆದೇಶವೂ ಬಂತು. ಇದೇ ಆರು ಧರ್ಮದವರು 2024ರ ಡಿಸೆಂಬರ್ 31ರೊಳಗೆ ಬಂದಿದ್ದರೆ ಕಾಗದ ಇಲ್ಲದಿದ್ದಕ್ಕೆ ಶಿಕ್ಷೆಯಿಲ್ಲ. ಅದನ್ನು ಓದಿದ ಕೆಲವರು ಪೌರತ್ವವೇ ಸಿಕ್ಕಿತೆಂದು ಖುಷಿಪಟ್ಟರು. ಶಿಕ್ಷೆಯಿಂದ ವಿನಾಯಿತಿ ಬೇರೆ, ಪೌರತ್ವ ಬೇರೆ. ಪೌರತ್ವದ ಗಡುವು ಇನ್ನೂ 2014ರಲ್ಲೇ ನಿಂತಿದೆ.