ದಾರ ಅರ್ಧವಾದರೆ ಸಮಯವೂ ಅರ್ಧವೇ?

ಯೋಚಿಸುವುದು, ಕೂಡಿ ಕೆಲಸ ಮಾಡುವುದು, ಹೇಳಿದ ಮಾತಿಗೆ ಪುರಾವೆ ಕೇಳುವುದು. ಹೊಸ ಕಾಲದ ಕಲಿಕಾ ಕೌಶಲಗಳೆಂದು ಶಿಕ್ಷಕರ ತರಬೇತಿಗಳಲ್ಲಿ ಹೇಳುವುದು ಇವನ್ನೇ. ತರಗತಿಗೆ ಬರುವಷ್ಟರಲ್ಲಿ ಇವು ಥರ್ಮಾಕೋಲ್ ಮಾದರಿಯೋ ಬಣ್ಣದ ಚಾರ್ಟೋ ಆಗಿಬಿಡುತ್ತವೆ. ಅಲ್ಲಿ ಬೆಳೆಯುವುದು ಹೆಚ್ಚಾಗಿ ಅಪ್ಪ ಅಮ್ಮಂದಿರ ಕೌಶಲ! ಅದಕ್ಕಿಂತ ಏಳನೇ ತರಗತಿಯ ಸರಳ ಲೋಲಕದ, ಅಂದರೆ ದಾರಕ್ಕೆ ಕಟ್ಟಿ ತೂಗಬಿಟ್ಟ ಕಲ್ಲಿನ ಪ್ರಯೋಗ ಎಷ್ಟೋ ಮೇಲು, ಮಾಡಿಸುವ ಕ್ರಮ ಸರಿಯಿದ್ದರೆ.

ನಲವತ್ತು ಮಕ್ಕಳಿದ್ದರೆ ನಾಲ್ವರ ಹತ್ತು ಗುಂಪು ಮಾಡಿ. ಗುಂಪಿಗೆ ಒಂದೂಕಾಲು ಮೀಟರ್ ದಾರ, ನಿಂಬೆಹಣ್ಣಿನಷ್ಟು ಕಲ್ಲು, ಒಂದು ಸ್ಕೇಲು ಸಾಕು. ಸಮಯ ನೋಡಲು ಸೆಕೆಂಡು ಮುಳ್ಳಿರುವ ಒಂದೇ ಗೋಡೆ ಗಡಿಯಾರ ಎಲ್ಲರಿಗೂ ಆಗುತ್ತದೆ. ದಾರವನ್ನು ಕಿಟಕಿ ಸರಳಿಗೋ ಜಗಲಿಯ ಕಂಬಿಗೋ ಬಿಗಿಯಾಗಿ ಕಟ್ಟಿಸಿ. ಕಲ್ಲು ಗೋಡೆಯ ಉದ್ದಕ್ಕೇ ತೂಗಬೇಕು, ಗೋಡೆಯ ಕಡೆಗಲ್ಲ.

ದಾರ ಕೊಡುವ ಮೊದಲೇ ಪ್ರಶ್ನೆ ಕೊಡಿ. 100 ಸೆಂ.ಮೀ. ದಾರದಲ್ಲಿ 20 ತೂಗಾಟಕ್ಕೆ ಸುಮಾರು 40 ಸೆಕೆಂಡು ಬೇಕು. ದಾರವನ್ನು 50ಕ್ಕೆ ಇಳಿಸಿದರೆ ಎಷ್ಟು? ಮೂರು ನಿಮಿಷ ಯಾರೂ ಮಾತಾಡಕೂಡದು, ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಪೆನ್ನಿನಲ್ಲೇ ಬರೆಯಬೇಕು. ಪೆನ್ಸಿಲ್ಲಾದರೆ ಆಮೇಲೆ ರಬ್ಬರ್ ಓಡಾಡುತ್ತದೆ. ಮುಂದಿನ ಎರಡು ನಿಮಿಷ ಪಕ್ಕದವರೊಡನೆ ಚರ್ಚೆ. ಮೊದಲ ಮೂರು ನಿಮಿಷದ ಮೌನ ಶಿಕ್ಷಕರಿಗೇ ಕಷ್ಟ. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದೇ ಸೆಕೆಂಡು ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂಬುದನ್ನು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು.

ಇನ್ನು ಅಳತೆ. ಒಬ್ಬರು ಕಲ್ಲು ಬಿಡುವುದು, ಒಬ್ಬರು ಎಣಿಸುವುದು, ಒಬ್ಬರು ಗಡಿಯಾರ ನೋಡುವುದು, ಒಬ್ಬರು ಬರೆಯುವುದು. ಪ್ರತಿ ಅಳತೆಗೂ ಕೆಲಸ ಕೈ ಬದಲಾಗಲಿ. ಹಾಗೆಯೇ ಬಿಟ್ಟರೆ ದುಂಡು ಅಕ್ಷರದ ಹುಡುಗಿ ಕೊನೆಯವರೆಗೂ ಬರೆಯುತ್ತಲೇ ಇರುತ್ತಾಳೆ, ಕಲ್ಲು ಹುಡುಗರ ಕೈಯಲ್ಲೇ ಉಳಿಯುತ್ತದೆ.

ತಪ್ಪುವುದು ಹೆಚ್ಚಾಗಿ ಎಣಿಕೆಯಲ್ಲಿ. ಕಲ್ಲು ಬಿಟ್ಟ ಕ್ಷಣವೇ ‘ಒಂದು’ ಅಂದರೆ 20 ಅನ್ನುವ ಹೊತ್ತಿಗೆ ಆಗಿರುವುದು 19 ತೂಗಾಟ. ಸಮಯ 38 ಸೆಕೆಂಡು ಬರುತ್ತದೆ. ಬಿಡುವಾಗ ‘ಸೊನ್ನೆ’ ಅನ್ನಬೇಕು, ಹೋಗಿ ಅದೇ ಕಡೆಗೆ ಮರಳಿದಾಗ ‘ಒಂದು’. ಉದ್ದವನ್ನು ಗಂಟಿನವರೆಗಲ್ಲ, ಕಲ್ಲಿನ ನಡುವಿನವರೆಗೆ ಅಳೆಯಬೇಕು. ಗಿಡ್ಡ ದಾರವನ್ನು ಅತಿಯಾಗಿ ಎಳೆದು ಬಿಟ್ಟರೂ ಸಮಯ ಏರುಪೇರಾಗುತ್ತದೆ. ನಾಲ್ಕು ಬೆರಳಷ್ಟು ಎಳೆದರೆ ಸಾಕು.

ಇದನ್ನೆಲ್ಲ ಮೊದಲೇ ಹೇಳಿಬಿಡಬೇಡಿ. ಹತ್ತೂ ಗುಂಪಿನ ಅಂಕಿಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಒಂಬತ್ತು ಗುಂಪು 40ರ ಆಸುಪಾಸಿನಲ್ಲಿದ್ದು ಒಂದು 38 ಅಂದರೆ ಅದನ್ನು ಅಳಿಸಬೇಡಿ. ‘ನೀವು ಹೇಗೆ ಎಣಿಸಿದಿರಿ, ಎಲ್ಲರಿಗೂ ತೋರಿಸಿ’ ಎಂದರೆ ಎದುರು ಗುಂಪಿನವರೇ ತಪ್ಪು ಹಿಡಿಯುತ್ತಾರೆ. ಪುಸ್ತಕದ ಉತ್ತರಕ್ಕೆ ಅಂಕಿ ಹೊಂದಿಸುವ ಚಾಳಿ ಬಿಡಿಸಲು ಇದಕ್ಕಿಂತ ಸುಲಭದ ದಾರಿ ಕಾಣೆ. ಅವಧಿಯ ಹನ್ನೆರಡು ನಿಮಿಷವನ್ನಾದರೂ ಈ ಮಾತುಕತೆಗೇ ಇಟ್ಟುಕೊಳ್ಳಿ.

50 ಸೆಂ.ಮೀ.ಗೆ ಬಹುತೇಕರ ಊಹೆ 20 ಸೆಕೆಂಡು. ಬರುವುದು 28ರ ಹತ್ತಿರ. ಮತ್ತೆ ಅಳೆದರೂ ಅಷ್ಟೇ. 25 ಸೆಂ.ಮೀ.ಗೆ ಇಳಿಸಿದಾಗ ಆ 20 ಸಿಗುತ್ತದೆ: ಸಮಯ ಅರ್ಧವಾಗಲು ದಾರ ಕಾಲುಭಾಗವಾಗಬೇಕು. ವರ್ಗಮೂಲದ ಸೂತ್ರ ಈಗಲೇ ಬೇಡ. ತಮ್ಮ ಊಹೆ ಎಲ್ಲಿ ಕೈಕೊಟ್ಟಿತು ಎಂದು ಎರಡು ವಾಕ್ಯ ಬರೆಸಿ; ರೂಪಣಾತ್ಮಕ ಮೌಲ್ಯಮಾಪನಕ್ಕೆ (ಕಲಿಕೆಯ ನಡುವೆಯೇ ನಡೆಯುವ ಮೌಲ್ಯಮಾಪನ) ಅಂಕ ಕೊಡುವುದಾದರೆ ಆ ಎರಡು ವಾಕ್ಯಕ್ಕೆ ಕೊಡಿ, ಸರಿಯಾದ ಊಹೆಗಲ್ಲ.

ಮನೆಗೆ ಹೊರಡುವಾಗ ಇನ್ನೊಂದು ಪ್ರಶ್ನೆ: 20 ತೂಗಾಟಕ್ಕೆ ಸರಿಯಾಗಿ ಒಂದು ನಿಮಿಷ ಬೇಕಾದರೆ ದಾರ ಎಷ್ಟುದ್ದ ಇರಬೇಕು? ಬೇಕಿರುವುದು ಸುಮಾರು 225 ಸೆಂ.ಮೀ. ಕಿಟಕಿ ಸಾಲದು, ಶಾಲೆಯಂಗಳದ ಮರದ ಕೊಂಬೆಯನ್ನೇ ಹುಡುಕಬೇಕಾಗುತ್ತದೆ.