ಗೊರಿಲ್ಲಾ ನೋಡಲು ಹೊರಟವರಿಗೆ ಹಳದಿ ಜ್ವರದ ಲಸಿಕೆಯೊಂದೇ ಸಾಕೆ?

ಪ್ರಶ್ನೆ: ನಾವು ಪುಣೆಯಲ್ಲಿ ನೆಲೆಸಿರುವ ಧಾರವಾಡದ ಕುಟುಂಬದವರು. ಬರುವ ಜುಲೈನಲ್ಲಿ ಉಗಾಂಡಾದ ಬ್ವಿಂಡಿ ಕಾಡಿಗೆ ಗೊರಿಲ್ಲಾಗಳನ್ನು ನೋಡಲು ಹೊರಟಿದ್ದೇವೆ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡರೆ ಸಾಕೆ? ನಮ್ಮಿಂದ ಆ ಪ್ರಾಣಿಗಳಿಗೆ ತೊಂದರೆಯಾಗದಿರಲು ಮತ್ತೇನು ಮಾಡಬೇಕು?

ಉತ್ತರ: ಹಳದಿ ಜ್ವರದ ಲಸಿಕೆ ಬೇಕೇ ಬೇಕು, ಆದರೆ ಅದು ಕಾಯುವುದು ನಿಮ್ಮನ್ನು, ಗೊರಿಲ್ಲಾಗಳನ್ನು ಕಾಯಬೇಕಾದರೆ ನಿಮ್ಮ ನೆಗಡಿ ಕೆಮ್ಮುಗಳ ಕಡೆಗೇ ಹೆಚ್ಚು ಗಮನ ಕೊಡಬೇಕಾಗುತ್ತದೆ. ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಸರಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುವ ಈ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರವಿಲ್ಲದೆ ಹಿಂತಿರುಗಿದವರನ್ನು ಭಾರತದಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮನೆಯಲ್ಲಿ 60 ದಾಟಿದವರಿದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಮಲೇರಿಯಾ ಮಾತ್ರೆಯ ವಿಷಯವನ್ನೂ ಆಗಲೇ ವಿಚಾರಿಸಿಕೊಳ್ಳಿ.

ಇನ್ನು ಮುಖ್ಯ ವಿಷಯ. 2013ರಲ್ಲಿ ಉಗಾಂಡಾದ್ದೇ ಆದ ಕಿಬಾಲೆ ಕಾಡಿನಲ್ಲಿ 56 ಚಿಂಪಾಂಜಿಗಳಿದ್ದ ಒಂದು ಗುಂಪಿಗೆ ಕೆಮ್ಮು ಹರಡಿ ಐದು ಸತ್ತುಹೋದವು. ಕಾರಣವನ್ನು ಹುಡುಕಿದಾಗ ಕಂಡುಬಂದದ್ದು ರೈನೋವೈರಸ್ ಸಿ, ಅಂದರೆ ನಮ್ಮ ಮಕ್ಕಳಿಗೆ ಶಾಲೆಯಿಂದ ಅಂಟಿಕೊಂಡು ಬರುವ ನೆಗಡಿಯ ವೈರಾಣುಗಳಲ್ಲೊಂದು. ಮನುಷ್ಯರೊಂದಿಗೆ ಇಷ್ಟು ಹತ್ತಿರದ ನೆಂಟಸ್ತಿಕೆಯಿದ್ದರೂ ನಮ್ಮ ರೋಗಗಳನ್ನು ತಡೆದುಕೊಳ್ಳುವ ಶಕ್ತಿ ಅವುಗಳಿಗಿಲ್ಲ. ನೀವು ನೋಡಹೊರಟಿರುವ ಬೆಟ್ಟದ ಗೊರಿಲ್ಲಾಗಳಾದರೋ ಇಡೀ ಜಗತ್ತಿನಲ್ಲಿ ಇರುವುದೇ ಒಂದು ಸಾವಿರದ ಆಸುಪಾಸು.

ನೀವು ಹೊರಡುವ ಜುಲೈ ತಿಂಗಳು ಪುಣೆ, ಮುಂಬಯಿಗಳಲ್ಲಿ ಮನೆಮನೆಯಲ್ಲೂ ಜ್ವರ ನೆಗಡಿಗಳ ಕಾಲವಾಗಿರುವುದರಿಂದ ನಿಮ್ಮ ಸಿದ್ಧತೆ ಜೂನ್‌ನಲ್ಲೇ ಆರಂಭವಾಗಬೇಕು. ಫ್ಲೂ ಲಸಿಕೆಯನ್ನು ಕನಿಷ್ಠ ಎರಡು ವಾರ ಮೊದಲು ಹಾಕಿಸಿಕೊಳ್ಳಿ, ದಡಾರದ ಲಸಿಕೆ ಆಗಿದೆಯೇ ಎಂದು ನೋಡಿಕೊಳ್ಳಿ. ಕೊನೆಯ ಹತ್ತು ದಿನ ಮದುವೆ ಮುಂಜಿಗಳ ಜನಜಂಗುಳಿಯನ್ನು ಬಿಡಿ, ಬಸ್ಸಿನಲ್ಲೂ ಲೋಕಲ್ ರೈಲಿನಲ್ಲೂ ವಿಮಾನದಲ್ಲೂ ಮಾಸ್ಕ್ ತೆಗೆಯಬೇಡಿ. ಫ್ಲೂ ತಗುಲಿದವರು ಲಕ್ಷಣ ಕಾಣುವ ಒಂದು ದಿನ ಮೊದಲೇ ಅದನ್ನು ಹರಡಬಲ್ಲರು. ಆದ್ದರಿಂದ ‘ನನಗೇನೂ ಆಗಿಲ್ಲ’ ಎಂಬ ಧೈರ್ಯ ಇಲ್ಲಿ ಸಾಲದು.

ಬ್ವಿಂಡಿಯಲ್ಲಿ ಒಂದು ಗೊರಿಲ್ಲಾ ಗುಂಪಿನ ಬಳಿಗೆ ದಿನಕ್ಕೆ ಎಂಟು ಪ್ರವಾಸಿಗರನ್ನು, ಅದೂ ಒಂದೇ ಗಂಟೆ ಬಿಡುತ್ತಾರೆ. 15 ತುಂಬದ ಮಕ್ಕಳಿಗೆ ಪ್ರವೇಶವಿಲ್ಲ. ಮುಖಕ್ಕೆ ಮಾಸ್ಕ್ ಇರಬೇಕು, ಫ್ಲಾಶ್ ಹಾಕಿ ಫೋಟೋ ತೆಗೆಯಬಾರದು, ಹತ್ತಿರದಲ್ಲಿ ಏನನ್ನೂ ತಿನ್ನಬಾರದು. ಮರಿಯೊಂದು ಕುತೂಹಲದಿಂದ ತಾನಾಗಿಯೇ ಹತ್ತಿರ ಬಂದರೂ ಹಿಂದೆ ಸರಿಯಬೇಕಾದವರು ನೀವು. ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು ಎಸೆಯುವ ನಮ್ಮ ರೂಢಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಸಾಧ್ಯವಾದರೆ ತಿರುಗಿ ಬಂದ ಮೇಲೂ ಅದನ್ನು ಮುಂದುವರಿಸಬೇಡಿ.

ನಡಿಗೆಯ ಅಭ್ಯಾಸಕ್ಕೆ ನಿಮಗೆ ಪುಣೆಯ ಹತ್ತಿರದ ಸಿಂಹಗಡ ಕೋಟೆಯ ಬೆಟ್ಟವೇ ಇದೆ. ಗೊರಿಲ್ಲಾಗಳು ಒಂದು ಗಂಟೆಯಲ್ಲಿ ಸಿಗಬಹುದು, ಅರ್ಧ ದಿನ ಕೆಸರಿನಲ್ಲಿ ಹತ್ತಿ ಇಳಿಯಬೇಕಾಗಲೂಬಹುದು. ತುಂಬುತೋಳಿನ ಅಂಗಿ, ಮಳೆಯಂಗಿ, ತುರಿಕೆ ಗಿಡಗಳಿಂದ ಕಾಪಾಡುವ ಕೈಗವಸು ಇಟ್ಟುಕೊಳ್ಳಿ. ಬೂಟಿನ ಮಣ್ಣನ್ನು ಇಲ್ಲೇ ತೊಳೆಯಿರಿ. ಚೀಲ ಹೊರಲು ಅಲ್ಲಿಯ ಹಳ್ಳಿಯವರೊಬ್ಬರನ್ನು ಗೊತ್ತು ಮಾಡಿಕೊಳ್ಳಿ, ಏಕೆಂದರೆ ಕಾಡು ಉಳಿದರೆ ತಮಗೂ ನಾಲ್ಕು ಕಾಸು ಸಿಗುತ್ತದೆ ಎಂಬುದು ಕಾಡಂಚಿನವರ ಅನುಭವಕ್ಕೆ ಬರುವುದು ಹೀಗೆಯೇ.

ಕಾಡಿಗೆ ಹೊರಡುವ ದಿನ ಬೆಳಿಗ್ಗೆ ಯಾರಿಗಾದರೂ ಗಂಟಲು ಕೆರೆದರೆ, ನೂರಾರು ಡಾಲರುಗಳ ಪರವಾನಗಿ ಹಾಳಾಗುತ್ತದೆಂದು ಮಾತ್ರೆ ನುಂಗಿ ಮುಚ್ಚಿಡಬೇಡಿ. ಕಾಡಿನ ಸಿಬ್ಬಂದಿಗೆ ತಿಳಿಸಿ, ಗಂಟಲು ಕೆರೆದವರು ಹಿಂದೆ ಉಳಿಯಲಿ. ಉಳಿದವರು ಹೋಗಬಹುದೇ ಎಂಬುದನ್ನೂ ಸಿಬ್ಬಂದಿಯೇ ತೀರ್ಮಾನಿಸಲಿ, ಏಕೆಂದರೆ ರಾತ್ರಿ ಅದೇ ಕೋಣೆಯಲ್ಲಿ ಮಲಗಿದವರಿಗೂ ಆ ಸೋಂಕು ಆಗಲೇ ತಗುಲಿರಬಹುದು.