ಶತಮಾನೋತ್ಸವದ ಲೆಕ್ಕ ಎಲ್ಲಿಂದ? ಉಗಾಂಡದ ಧರ್ಮಭಗಿನಿಯರ ಎರಡು ಚರಿತ್ರೆಗಳು

ಆಫ್ರಿಕಾದಲ್ಲಿ ಕಥೋಲಿಕ ಧರ್ಮಭಗಿನಿಯರು ಸಲ್ಲಿಸಿದ ಸೇವೆಯ ವರ್ಷಾಚರಣೆಗಳು ಇತ್ತೀಚೆಗೆ ಒಂದರ ಹಿಂದೊಂದು ನಡೆದಿವೆ. ಅಲ್ಜೀರಿಯಾದಲ್ಲಿ 1869ರಲ್ಲಿ ಆರಂಭವಾದ, ‘ಬಿಳಿ ಭಗಿನಿಯರು’ ಎಂದೇ ಹೆಸರಾದ ಸಭೆಗೆ (ಭಗಿನಿಯರ ಸಂಘಕ್ಕೆ) 2019ರಲ್ಲಿ ನೂರೈವತ್ತು ತುಂಬಿತು. ಇಟಲಿಯ ವೆರೋನಾದಲ್ಲಿ 1872ರಲ್ಲಿ ಹುಟ್ಟಿ ಸುಡಾನಿಗೆ ಹೊರಟ ಕೊಂಬೋನಿ ಭಗಿನಿಯರಿಗೆ ಅಷ್ಟೇ ವರ್ಷ ತುಂಬಿದ್ದು 2022ರಲ್ಲಿ. ಮರುವರ್ಷ ಉಗಾಂಡದ ‘ಸಂತ ಫ್ರಾನ್ಸಿಸರ ಕಿರಿಯ ಭಗಿನಿಯರು’ ಶತಮಾನ ಪೂರೈಸಿದರು. ಮೊದಲೆರಡು ಸಭೆಗಳನ್ನು ಕಟ್ಟಿದವರು ಯುರೋಪಿನವರು; ಮೂರನೆಯದರಲ್ಲಿ ಮೊದಲ ದಿನದಿಂದಲೂ ಇದ್ದವರು ಆಫ್ರಿಕಾದ ಹೆಣ್ಣುಮಕ್ಕಳು. ಒಂದೇ ನೆಲದ, ಎಷ್ಟೋ ಕಡೆ ಒಂದೇ ಆಸ್ಪತ್ರೆಯ ಸೇವೆಗೆ ಹೀಗೆ ಬೇರೆ ಬೇರೆ ಆರಂಭದ ವರ್ಷಗಳು ಇರುವುದೇಕೆ ಎಂಬುದು ಉಗಾಂಡದ ಚರಿತ್ರೆಯನ್ನು ನೋಡಿದರೆ ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ಇಂದಿನ ಉಗಾಂಡದ ಭಾಗವಾಗಿರುವ ಬುಗಾಂಡ ರಾಜ್ಯಕ್ಕೆ 1877ರಲ್ಲಿ ಆಂಗ್ಲಿಕನ್ ಮಿಷನರಿಗಳೂ 1879ರಲ್ಲಿ ಫ್ರೆಂಚ್ ಕಥೋಲಿಕ ಪಾದ್ರಿಗಳೂ ಬಂದರು. ಹದಿಮೂರು ವರ್ಷಗಳೊಳಗೆ ಎರಡು ಪಂಗಡಗಳು ರಾಜಧಾನಿ ಮೆಂಗೋದಲ್ಲಿ ಬಂದೂಕು ಹಿಡಿದು ಕಾದಾಡಿದವು. ಪ್ರಾಟೆಸ್ಟಂಟರನ್ನು ಜನ ಇಂಗ್ಲಿಷರ ಪಕ್ಷವೆಂದೂ ಕಥೋಲಿಕರನ್ನು ಫ್ರೆಂಚರ ಪಕ್ಷವೆಂದೂ ಕರೆಯುತ್ತಿದ್ದರು. ಕಥೋಲಿಕನಾದವನು ಫ್ರಾನ್ಸಿನ ಆಳಾಗಬೇಕಿಲ್ಲ ಎಂದು ತೋರಿಸುವ ಅಗತ್ಯ ಬಿದ್ದಾಗ, 1895ರಲ್ಲಿ ಇಂಗ್ಲೆಂಡಿನ ಮಿಲ್ ಹಿಲ್ ಸಂಸ್ಥೆಯ ಪಾದ್ರಿಗಳು ಅಲ್ಲಿಗೆ ಬಂದರು. ಭಗಿನಿಯರು ಬಂದದ್ದೂ ಇದೇ ಎರಡು ದಾರಿಗಳಲ್ಲಿ. ಫ್ರೆಂಚ್ ಪಾದ್ರಿಗಳ ಕಡೆಯ ಬಿಳಿ ಭಗಿನಿಯರು 1899ರಲ್ಲಿ ಇಂದಿನ ಕಂಪಾಲಾದ ರುಬಾಗ ಬೆಟ್ಟಕ್ಕೆ ಬಂದರೆ, ಮಿಲ್ ಹಿಲ್ಲಿನ ಆರು ಮಂದಿ ಫ್ರಾನ್ಸಿಸ್ಕನ್ ಭಗಿನಿಯರು 1903ರ ಜನವರಿಯಲ್ಲಿ ಅಲ್ಲಿನದೇ ನ್ಸಾಂಬ್ಯ ಬೆಟ್ಟದಲ್ಲಿ ನೆಲೆಸಿದರು. ಆ ಆರು ಮಂದಿಯಲ್ಲಿ ಐರ್ಲೆಂಡಿನ ವಿಕ್ಲೋ ಪ್ರಾಂತ್ಯದ ತೆರೇಸಾ ಕಿಯರ್ನಿ ಒಬ್ಬರು. ಮುಂದೆ ಮದರ್ ಕೆವಿನ್ ಎಂದು ಪ್ರಸಿದ್ಧರಾದವರು ಅವರೇ.

ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ನಿದ್ರಾರೋಗವು ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಾಲವದು. ಮಾವಿನ ಮರದಡಿ ಔಷಧ ಕೊಡುವುದರಿಂದ ಆರಂಭವಾದ ನ್ಸಾಂಬ್ಯದ ಕೆಲಸ ಬೆಳೆದಂತೆ, ರೋಗಕ್ಕಿಂತ ದೊಡ್ಡ ಅಡ್ಡಿಯೊಂದು ಎದುರಾಯಿತು. ಚರ್ಚಿನ ಅಂದಿನ ನಿಯಮಗಳ ಪ್ರಕಾರ ವ್ರತ ಸ್ವೀಕರಿಸಿದ ಭಗಿನಿಯರು ಹೆರಿಗೆ ಮಾಡಿಸುವಂತಿರಲಿಲ್ಲ. ಹೆರಿಗೆಯಲ್ಲೇ ತಾಯಿ ಮಗು ಇಬ್ಬರೂ ಸಾಯುತ್ತಿದ್ದ ಊರಿನಲ್ಲಿ, ಮಗ್ಗುಲಲ್ಲೇ ಇದ್ದ ಭಗಿನಿಯ ಕೈ ಕಟ್ಟಿಹಾಕಿದ ಈ ನಿಯಮ ಯಾವ ಪಾವಿತ್ರ್ಯವನ್ನು ಕಾಯುತ್ತಿತ್ತೆಂಬುದು ಇಂದಿನ ಓದುಗರಿಗೆ ಅರ್ಥವಾಗುವುದು ಕಷ್ಟ. ದಾರಿ ಸಿಕ್ಕಿದ್ದು ವ್ರತಧಾರಿಣಿಯಲ್ಲದ ಡಾಕ್ಟರ್ ಎವೆಲಿನ್ ಕೊನಲಿ 1919ರಲ್ಲಿ ಬಂದ ಮೇಲೆ. ನ್ಸಾಂಬ್ಯದಲ್ಲಿ 1921ರಲ್ಲಿ ಸೂಲಗಿತ್ತಿಯರ ತರಬೇತಿ ಶಾಲೆ ತೆರೆಯಿತು. ಭಗಿನಿಯರು ಮಾಡಲಾಗದ ಕೆಲಸವನ್ನು ಉಗಾಂಡದ ಯುವತಿಯರು ಕಲಿತು ಮಾಡಿದರು. ರೋಮ್ ಆ ನಿಷೇಧವನ್ನು ತೆಗೆದದ್ದು 1936ರ ಫೆಬ್ರವರಿಯಲ್ಲಿ. ಅದಕ್ಕಾಗಿ ಮದರ್ ಕೆವಿನ್ ಪಟ್ಟ ಶ್ರಮವನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಲೇಬೇಕು. ನಡುವಿನ ಹದಿನೈದು ವರ್ಷ ಹೆರಿಗೆ ಮನೆಯನ್ನು ನಡೆಸಿದವರ ಮಾತು ಮಾತ್ರ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ.

ಸ್ಥಳೀಯ ಹೆಣ್ಣುಮಕ್ಕಳೇ ಭಗಿನಿಯರಾಗಬಹುದೆಂಬ ಮಾತು ಇನ್ನೂ ಮೊದಲೇ, ಬುಗಾಂಡದ ಮಸಾಕಾ ಸೀಮೆಯಲ್ಲಿ ಎದ್ದಿತ್ತು. ಮದುವೆ ಬಿಟ್ಟು ಹೆಣ್ಣಿಗೆ ಬೇರೆ ಬಾಳೇ ಇಲ್ಲವೆಂದು ನಂಬಿದ್ದ, ಮಗಳ ಮದುವೆಗೆ ವಧುದಕ್ಷಿಣೆ ಪಡೆಯುತ್ತಿದ್ದ ಕುಟುಂಬಗಳಿಗೆ ಇದು ಸಣ್ಣ ಮಾತಾಗಿರಲಿಲ್ಲ. ಆದರೂ ಕೆಲವು ಯುವತಿಯರು ಮನೆ ಬಿಟ್ಟು ಬಂದು, ಯಾವ ವ್ರತವೂ ಪದವಿಯೂ ಇಲ್ಲದೆ, ಗುದ್ದಲಿ ಹಿಡಿದು ತೋಟ ನೋಡಿಕೊಂಡು, ಅಡುಗೆ ಮಾಡಿ, ಮಕ್ಕಳಿಗೆ ಅಕ್ಷರವನ್ನೂ ಧರ್ಮೋಪದೇಶವನ್ನೂ ಕಲಿಸುತ್ತಿದ್ದರು. ಬಿಷಪ್ ಸ್ಟ್ರೈಶರ್ ಅವರ ಕಾಲದಲ್ಲಿ, ಬಿಳಿ ಭಗಿನಿಯರ ತರಬೇತಿಯಲ್ಲಿ, 1910ರಲ್ಲಿ ಬನ್ನಬಿಕಿರಾ ಎಂಬ ಸ್ಥಳೀಯ ಭಗಿನಿಯರ ಸಭೆ ರೂಪುಗೊಂಡಾಗ ಆ ಯುವತಿಯರ ದುಡಿಮೆಗೆ ಒಂದು ಹೆಸರು ಬಂತು. ಹಾಗಾದರೆ ಆ ಸೇವೆಯ ಆರಂಭ 1910ರಲ್ಲೇ ಎನ್ನಬೇಕೇ? ಮದರ್ ಕೆವಿನ್ 1923ರಲ್ಲಿ ನ್ಕೊಕೊಂಜೇರುವಿನಲ್ಲಿ ಎಂಟು ಮಂದಿ ಹುಡುಗಿಯರೊಂದಿಗೆ ಕಿರಿಯ ಭಗಿನಿಯರ ಸಭೆಯನ್ನು ಆರಂಭಿಸಿದರು. ಇದಾದ ಹದಿನಾರು ವರ್ಷಗಳಿಗೆ ಉಗಾಂಡದವರೇ ಆದ ಜೋಸೆಫ್ ಕಿವಾನುಕಾ ಬಿಷಪ್ ಆಗಿ, ಮಸಾಕಾ ಪೂರ್ಣವಾಗಿ ಆಫ್ರಿಕನ್ ಪಾದ್ರಿಗಳ ಕೈಗೆ ಬಂದಿತು.

ಕಲಿಸಿದವರೂ ಕಲಿತವರೂ ಒಂದೇ ಸಭೆಯಾಗಲಿಲ್ಲ. ಮದರ್ ಕೆವಿನ್ ನೇತೃತ್ವದಲ್ಲಿ 1952ರಲ್ಲಿ ಆಫ್ರಿಕಾಗಾಗಿಯೇ ಪ್ರತ್ಯೇಕ ಫ್ರಾನ್ಸಿಸ್ಕನ್ ಮಿಷನರಿ ಸಭೆ ಸ್ಥಾಪನೆಯಾದಾಗಲೂ ಕಿರಿಯ ಭಗಿನಿಯರು ಬೇರೆಯಾಗಿಯೇ ಉಳಿದರು. ತಮ್ಮದೇ ಆಡಳಿತ ದೊರೆಯಲೆಂಬ ಸದುದ್ದೇಶ ಇದರ ಹಿಂದೆ ಇದ್ದಿರಬಹುದು. ಆದರೆ ಮೈಬಣ್ಣದ ಗೆರೆಯೂ ಅದೇ ಜಾಗದಲ್ಲಿ ಹಾದುಹೋಗಿತ್ತೆಂಬುದನ್ನು ಸ್ಮರಣ ಸಂಚಿಕೆಗಳು ಹೇಳುವುದು ಕಡಿಮೆ.

ಸ್ವಾತಂತ್ರ್ಯ, ಸರ್ವಾಧಿಕಾರಿ ಇದಿ ಅಮೀನನ ಆಳ್ವಿಕೆ, ಏಡ್ಸ್ ಎಲ್ಲವನ್ನೂ ದಾಟಿ ಬರುವಷ್ಟರಲ್ಲಿ ಯುರೋಪಿನ ಮಠಗಳಲ್ಲಿ ಹೊಸಬರು ವಿರಳರಾದರು, ಆಫ್ರಿಕಾದಲ್ಲಿ ಹೆಚ್ಚಿದರು. ಹೊರಗಿನಿಂದ ಬರುವ ಮಿಷನರಿಗಳೂ ಈಗ ಯುರೋಪಿನವರೇ ಆಗಿರಬೇಕಿಲ್ಲ. ಮಂಗಳೂರಿನಲ್ಲಿ 1870ರಲ್ಲಿ ಬೇರೂರಿದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ನೆರೆಯ ಕೀನ್ಯಾದಲ್ಲಿ ದುಡಿಯುತ್ತಿದ್ದಾರೆ. ನ್ಸಾಂಬ್ಯ ಆಸ್ಪತ್ರೆಯ ಆಡಳಿತ ಐರಿಷ್ ಭಗಿನಿಯರಿಂದ ಕಿರಿಯ ಭಗಿನಿಯರಿಗೆ ಬಂದಿದೆ. ಆ ಆಸ್ಪತ್ರೆಗೆ 2028ರಲ್ಲಿ ನೂರಿಪ್ಪತ್ತೈದು ತುಂಬಲಿದ್ದು, ಅದರ ಚರಿತ್ರೆಯನ್ನು ಎಲ್ಲಿಂದ, ಯಾರ ಹೆಸರಿನಿಂದ ಬರೆಯಬೇಕೆಂಬುದನ್ನು ಈ ಬಾರಿ ಅವರೂ ತೀರ್ಮಾನಿಸಬಹುದು.